ಬರ್ಟನ್ನಿನಲ್ಲಿ ಚಹಾಕ್ಕೂ ‘ಮ್ಯಾಶ್’

ಇಂಗ್ಲೆಂಡಿನ ನಡುಭಾಗದಲ್ಲಿ, ಡರ್ಬಿಯಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ ರೈಲು ಹಾದಿಯಲ್ಲಿ, ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿದೆ. ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಹೆಸರಾಂತ ಕೋಟೆಯಿಲ್ಲ, ಅರಮನೆಯಿಲ್ಲ. ಟ್ರೆಂಟ್ ನದಿ, ಕೆಂಪು ಇಟ್ಟಿಗೆಯ ಬಿಯರ್ ಕಾರ್ಖಾನೆಗಳು, ಗಾಳಿಯಲ್ಲಿ ಬೇಯಿಸಿದ ಧಾನ್ಯದ ವಾಸನೆ, ಇಷ್ಟೇ. ಇಳಿದವರಿಗೆ ಮೊದಲು ಎದುರಾಗುವುದು ಇಲ್ಲಿಯ ಮಾತು. ಅಂಗಡಿಯಾಕೆ ಗಂಡಸು, ಹೆಂಗಸು ಎನ್ನದೆ ಎಲ್ಲರನ್ನೂ ‘ಡಕ್’ ಎಂದು ಕರೆಯುತ್ತಾಳೆ. ಬಾತುಕೋಳಿ ಎಂದು ಬೈದಳೆಂದು ಮುನಿಸಿಕೊಳ್ಳಬೇಕಿಲ್ಲ. ನಮ್ಮ ಕರಾವಳಿಯ ‘ಮಾರಾಯ್ರೇ’ ಇದ್ದ ಹಾಗೆ ಅದು.

ಊರಿನ ಭಾಗ್ಯವೆಲ್ಲ ನೆಲದಡಿಯ ನೀರಿನದು. ಜಿಪ್ಸಮ್ ಪದರಗಳನ್ನು ಹಾದು ಬಾವಿ ಸೇರುವ ಈ ನೀರಿನಲ್ಲಿ ಕ್ಯಾಲ್ಷಿಯಂ ಸಲ್ಫೇಟ್ ಹೇರಳ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಇದರಲ್ಲಿ ಚೊಕ್ಕವಾಗಿ ಬರುತ್ತದೆ. ಭಾರತದಲ್ಲಿದ್ದ ಬಿಳಿಯರಿಗಾಗಿ ಹಡಗಿನಲ್ಲಿ ಕಳಿಸಬೇಕಾಗಿದ್ದ ತಿಳಿಬಣ್ಣದ ಬಿಯರಿನ ಮೊದಲ ಮಾದರಿಯನ್ನು 1822ರಲ್ಲಿ ಆಲ್ಸಾಪ್ ಕಾರ್ಖಾನೆಯ ಜಾಬ್ ಗುಡ್‌ಹೆಡ್ ಎಂಬಾತ ಚಹಾದ ಕುಡಿಕೆಯಲ್ಲಿ ಮಾಡಿ ನೋಡಿದನೆಂಬ ಕಥೆಯನ್ನು ಊರು ಇಂದಿಗೂ ಹೇಳಿಕೊಳ್ಳುತ್ತದೆ. ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಮ್ ಬೆರೆಸುವುದಕ್ಕೆ ‘ಬರ್ಟನೈಸ್’ ಎಂಬ ಕ್ರಿಯಾಪದವೇ ಹುಟ್ಟಿಕೊಂಡಿದೆ.

ಇಂಗ್ಲೆಂಡಿನಲ್ಲಿ ಹಿಂದೆ ಬಿಯರ್ ತಯಾರಿಕೆ ಬಹುಮಟ್ಟಿಗೆ ಮನೆಯ ಹೆಂಗಸರ ಕೆಲಸವಾಗಿತ್ತು. 1880ರಲ್ಲಿ ಗ್ಲ್ಯಾಡ್‌ಸ್ಟನ್ ಸರ್ಕಾರ ಅದಕ್ಕೆ ಪರವಾನಗಿ ಕಡ್ಡಾಯ ಮಾಡಿತು. 1963ರಲ್ಲಿ ಆ ಕಟ್ಟಳೆ ಹೋಯಿತು. ಮಾರುವಂತಿಲ್ಲ, ಮನೆ ಮಟ್ಟಿಗೆ ಮಾಡಿಕೊಳ್ಳಬಹುದು. ಆ ಮೇಲೆ ಇದು ತೋಟಗಾರಿಕೆಯಂತೆ ಒಂದು ಹವ್ಯಾಸವಾಯಿತು. (ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಕ್ಕಳು ಪ್ರಯೋಗಕ್ಕೆ ಇಳಿಯುವ ಮೊದಲೇ ಹೇಳಿಬಿಡುವುದು ಒಳ್ಳೆಯದು.)

ಲಂಡನ್ ಕಡೆಯಿಂದ ಬಂದು ಈ ಹವ್ಯಾಸಕ್ಕೆ ಕೈಹಾಕುವ ಹೊಸಬನಿಗೆ ಬರ್ಟನ್ನಿನ ಅಡುಗೆಮನೆಯಲ್ಲಿ ತಬ್ಬಿಬ್ಬಾಗುವುದು ಖಂಡಿತ. ಪುಸ್ತಕದಲ್ಲಿ ಅವನು ‘ಮ್ಯಾಶ್’ ಎಂಬ ಪದ ಓದಿರುತ್ತಾನೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು 65 ಡಿಗ್ರಿ ಸೆಲ್ಷಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಡುವುದೇ ಮ್ಯಾಶ್. ಮೊಳಕೆಯಲ್ಲಿರುವ ಕಿಣ್ವಗಳು ಅಷ್ಟರಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಮಗುವಿಗೆ ಸರಿ ಮಾಡಲೆಂದು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸುವ ನಮ್ಮ ಅಜ್ಜಿಯರಿಗೆ ಈ ಸಿಹಿಯ ಗುಟ್ಟು ಗೊತ್ತೇ ಇದೆ. ನೀರು ಅತಿಯಾಗಿ ಕಾದರೆ ಕಿಣ್ವ ಕೆಡುತ್ತದೆ, ಬರೀ ಗಂಜಿ ಉಳಿಯುತ್ತದೆ. ಹೀಗೆ ಥರ್ಮಾಮೀಟರ್ ಹಿಡಿದು ಗಾಬರಿಯಲ್ಲಿ ನಿಂತವನನ್ನು ಮನೆಯೊಡತಿ ಕೇಳುತ್ತಾಳೆ: ‘ಮ್ಯಾಶ್ ಮಾಡಲೇ, ಡಕ್?’ ಇವನು ಬಾರ್ಲಿಯ ಚೀಲಕ್ಕೆ ಕೈಹಾಕುತ್ತಾನೆ. ಆಕೆ ಕೇಳಿದ್ದು ಚಹಾದ ಮಾತು!

ನಗು ಅಲ್ಲಿಂದಲೇ ಶುರು. ಇಂಗ್ಲೆಂಡಿನ ಈ ಸೀಮೆಯಲ್ಲಿ ಚಹಾ ‘ಮ್ಯಾಶ್’ ಮಾಡುತ್ತಾರೆ, ಸ್ಕಾಟ್ಲೆಂಡಿನಲ್ಲಿ ‘ಮಾಸ್ಕ್’, ಐರ್ಲೆಂಡಿನಲ್ಲಿ ‘ವೆಟ್’, ಅಂದರೆ ಒದ್ದೆ. ಲಂಕಾಷೈರಿನವನಿಗೆ ಚಹಾದ ಹೆಸರೇ ‘ಬ್ರೂ’. ಲಂಡನ್ನಿನವನು ತನ್ನದೇ ಶುದ್ಧ ಇಂಗ್ಲಿಷ್ ಎಂದು ಬೀಗಿದರೆ ಉಳಿದವರು ಅವನ ಬೆನ್ನು ಬಿಡುವುದಿಲ್ಲ. ಬೆಂಗಳೂರಿನ ಹಾಸ್ಟೆಲಿಗೆ ಬಂದ ಧಾರವಾಡದ ಹುಡುಗ ‘ಚಾ ಕುಡಿಯೂಣ ಬರ್ರಿ’ ಎಂದಾಗ ಮೈಸೂರಿನವನು ‘ಟೀ ಅನ್ನಪ್ಪ’ ಎನ್ನುವ ಜಗಳವೇ ಇದು.

ಆದರೆ ಮನೆಯೊಡತಿಯ ಮಾತು ಹಳ್ಳಿಗರ ತಪ್ಪು ಇಂಗ್ಲಿಷ್ ಅಲ್ಲ. ಚಹಾ ಇಂಗ್ಲೆಂಡಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಬಿಸಿನೀರು ಹೊಯ್ದು ಸಾರ ಬಿಡುವವರೆಗೆ ಕಾಯುವ ಕೆಲಸಕ್ಕೆ ಬಿಯರ್ ಮಾಡುವವರ ಬಳಿ ಆಗಲೇ ಒಂದು ಪದವಿತ್ತು. ಹೊಸ ಪೇಯಕ್ಕೂ ಅದನ್ನೇ ಹಚ್ಚಿದರು. ಪುಸ್ತಕ ಓದಿ ಬಂದವನಿಗಿಂತ ಪದದ ಬೇರು ಆಕೆಗೇ ಹತ್ತಿರ.

ರೊಟ್ಟಿಯ ಕಥೆಯೂ ಹೀಗೆಯೇ. ದುಂಡನೆಯ ಬನ್ನಿಗೆ ಬರ್ಟನ್ನಿನಲ್ಲಿ ‘ಕಾಬ್’ ಎನ್ನುತ್ತಾರೆ, ಕೊವೆಂಟ್ರಿಯಲ್ಲಿ ‘ಬ್ಯಾಚ್’, ಮ್ಯಾಂಚೆಸ್ಟರಿನಲ್ಲಿ ‘ಬಾರ್ಮ್’. ಈ ಬಾರ್ಮ್ ಎಂದರೆ ಹುದುಗುವ ಬಿಯರಿನ ಮೇಲೆ ಏಳುವ ಯೀಸ್ಟಿನ ನೊರೆ. ಪೊಟ್ಟಣದ ಯೀಸ್ಟ್ ಬರುವ ಮೊದಲು ಆ ನೊರೆಯನ್ನೇ ತಂದು ರೊಟ್ಟಿಯ ಹಿಟ್ಟು ಉಬ್ಬಿಸುತ್ತಿದ್ದರು. ಅರೆಹುಚ್ಚನಿಗೆ ‘ಬಾರ್ಮಿ’ ಎನ್ನುವುದೂ ಇದರಿಂದಲೇ, ತಲೆಯಲ್ಲಿ ಬರೀ ನೊರೆ ಎಂದು. ಪಾತ್ರೆಯಿಂದ ನೊರೆ ಉಕ್ಕಿ ನೆಲವೆಲ್ಲ ಅಂಟು ಮಾಡಿಕೊಂಡ ಹೊಸಬನಿಗೆ ಈ ಬಿರುದು ತಪ್ಪುವುದಿಲ್ಲ.

ಇಂಥ ಪದಗಳು ಅಳಿಯುವ ಮೊದಲೇ ಬರೆದಿಡಬೇಕೆಂದು ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಮತ್ತು ಅವರ ಸಂಗಡಿಗರು 1950ರಿಂದ 1961ರವರೆಗೆ 313 ಊರುಗಳಲ್ಲಿ ಅಲೆದರು. ಅವರು ಹುಡುಕಿ ಮಾತನಾಡಿಸಿದ್ದು ಹೆಚ್ಚಾಗಿ ಊರು ಬಿಟ್ಟು ಹೋಗದ ಮುದುಕರನ್ನು. ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ನಡುವೆ ಚಹಾ ಮಾಡುವುದಕ್ಕೆ ಏನೆನ್ನುತ್ತೀರಿ ಎಂಬುದೂ ಇತ್ತು.

ಬಿಯರ್ ಕಾರ್ಖಾನೆಯಲ್ಲಿ ಉಳಿದ ಯೀಸ್ಟನ್ನೂ ಬರ್ಟನ್ ಬಿಸಾಡಲಿಲ್ಲ. 1902ರಲ್ಲಿ ಅದರಿಂದ ರೊಟ್ಟಿಗೆ ಸವರುವ ಕಪ್ಪು, ಉಪ್ಪುಪ್ಪಾದ ಮಾರ್ಮೈಟ್ ತಯಾರಿಸಲು ತೊಡಗಿದರು. ಮುಂದೆ ಡಾ. ಲೂಸಿ ವಿಲ್ಸ್ ಮುಂಬಯಿಯಲ್ಲಿ ಬಸುರಿಯರ ರಕ್ತಹೀನತೆಯನ್ನು ಅಧ್ಯಯನ ಮಾಡುವಾಗ, ಈ ಅಗ್ಗದ ಮಾರ್ಮೈಟ್ ಕೊಟ್ಟರೆ ಬಡ ಹೆಂಗಸರು ಚೇತರಿಸಿಕೊಳ್ಳುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ವಕ್ಕೆ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಇಂದು ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿರುವುದು ಅದೇ.

ಬರ್ಟನ್ನಿನ ಬಿಯರ್ ವಸ್ತುಸಂಗ್ರಹಾಲಯವನ್ನು 2022ರಲ್ಲಿ ಮುಚ್ಚಲಾಯಿತು. ಸಾಲು ಪೀಪಾಯಿಗಳಲ್ಲಿ ಬಿಯರ್ ಹುದುಗಿಸುವ ಊರಿನ ಹಳೆಯ ಪದ್ಧತಿಯನ್ನು ಕೊನೆಯ ದೊಡ್ಡ ಕಾರ್ಖಾನೆಯೂ 2024ರಲ್ಲಿ ಕೈಬಿಟ್ಟಿತು. ಮಾರ್ಮೈಟ್ ಮಾತ್ರ ಈಗಲೂ ಅಲ್ಲೇ ತಯಾರಾಗುತ್ತದೆ. ಅದನ್ನು ಸವರಿ ತಿನ್ನುವುದು ಕಾಬಿಗೋ ಬಾರ್ಮಿಗೋ ಎಂಬ ವಾದ ಇನ್ನೂ ತೀರ್ಮಾನವಾಗಿಲ್ಲ.