ಚಳಿ ಇರುವುದು ದಡದಲ್ಲಿ

ನಮ್ಮ ಊರಿನ ಚಳಿಯನ್ನು ಚಳಿ ಎಂದರೆ ಬೀದರಿನವರೂ ಬೆಳಗಾವಿಯವರೂ ನಗುತ್ತಾರೆ. ದಿಲ್ಲಿಯಲ್ಲಿರುವ ನನ್ನ ಮಗನಂತೂ ಫೋನಿನಲ್ಲೇ ನಗುತ್ತಾನೆ. "ಎಷ್ಟು ಡಿಗ್ರಿ ಅಮ್ಮಾ?" ಎಂದು ಕೇಳುತ್ತಾನೆ. "20" ಎಂದರೆ, "ಅದಕ್ಕೆ ಇಲ್ಲಿ ಯಾರೂ ಸ್ವೆಟರನ್ನು ಕಪಾಟಿನಿಂದ ಹೊರಗೆ ತೆಗೆಯುವುದಿಲ್ಲ" ಅನ್ನುತ್ತಾನೆ. ಇರಬಹುದು. ಆದರೆ ವರ್ಷದ ಹತ್ತು ತಿಂಗಳು ಬೆವರಿನಲ್ಲೋ ಮಳೆಯಲ್ಲೋ ನೆನೆದುಕೊಂಡೇ ಇರುವ ಮೈಗೆ 20 ಡಿಗ್ರಿಯೂ ಚಳಿಯೇ. ಧನುರ್ಮಾಸ ಬಂತೆಂದರೆ ಮೂಡುಬಿದಿರೆಯಲ್ಲಿ ಹಾಲಿನವರು, ಪೇಪರಿನವರು, ರಿಕ್ಷಾದವರು ಎಲ್ಲರೂ ಕಿವಿ ಮುಚ್ಚಿ ಮಫ್ಲರ್ ಸುತ್ತಿಕೊಂಡು ಒಬ್ಬರನ್ನೊಬ್ಬರು ಗುರುತು ಹಿಡಿಯಲಾರದ ಹಾಗೆ ಓಡಾಡುತ್ತಾರೆ.

ಅಂಥ ಒಂದು ಬೆಳಗ್ಗೆ ಐದೂವರೆಗೆ ನಾನು ಗೇಟಿನಿಂದ ಸೈಕಲ್ ಹೊರಗೆ ತಳ್ಳುತ್ತಿದ್ದಾಗ, ಅಂಗಳಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯವರು ತಲೆ ಎತ್ತಿದರು.

"ಎಂತ ಟೀಚರ್ರೆ, ಈ ಚಳಿಗೆ ಸೈಕಲಿನಲ್ಲಿ ಎಲ್ಲಿಗೆ?"

"ಪಡುಬಿದ್ರಿಗೆ."

"ಅಲ್ಲಿ ಎಂತ ಉಂಟು?"

"ಸಮುದ್ರ ಉಂಟಲ್ಲ. ಈಜಲಿಕ್ಕೆ."

ಅವರು ಕೈಯಲ್ಲಿದ್ದ ಬಾಲ್ದಿಯನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ನಿಜವಾದ ಕಳಕಳಿಯಿಂದ ಕೇಳಿದರು: "ಯಾಕೆ, ಮನೆಯಲ್ಲಿ ಬಿಸಿನೀರಿನ ಹಂಡೆ ಹಾಳಾಗಿದೆಯಾ?"

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅರುವತ್ತಾದ, ಮಂಡಿನೋವಿಗೆ ಎಣ್ಣೆ ಹಚ್ಚುವ ಹೆಂಗಸು, ಮೂವತ್ತು ಚಿಲ್ಲರೆ ಕಿಲೋಮೀಟರ್ ಸೈಕಲ್ ತುಳಿದು ಉಪ್ಪುನೀರಿನಲ್ಲಿ ಮುಳುಗಿ ಬರುತ್ತೇನೆಂದರೆ ಯಾರಾದರೂ ಹಂಡೆಯ ಯೋಗಕ್ಷೇಮವನ್ನೇ ವಿಚಾರಿಸುತ್ತಾರೆ. ಆದರೆ ನನಗೂ ನೀರಿಗೂ ಒಂದು ಹಳೆಯ ಲೆಕ್ಕ ಬಾಕಿ ಇತ್ತು. ಅದನ್ನು ಗೇಟಿನ ಬಳಿ ನಿಂತು ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳದಲ್ಲಿ, ನೇತ್ರಾವತಿಯ ದಡದಲ್ಲಿ. ನದಿಯ ಹೆದರಿಕೆ ನಮಗೆ ಎದೆಹಾಲಿನ ಜೊತೆಗೇ ಬಂದದ್ದು. ಅಜ್ಜಿ 1923ರ ನೆರೆಯ ಕತೆ ಹೇಳುತ್ತಿದ್ದರು. ಅದಕ್ಕೆ 'ಮಾರಿಬೊಳ್ಳ' ಎಂದೇ ಹೆಸರು. ಅಜ್ಜಿಯ ಕತೆಯಲ್ಲಿ ಸ್ವಲ್ಪ ಉಪ್ಪುಖಾರ ಹೆಚ್ಚಿರಬಹುದೆಂದು ನಾವು ಅಂದುಕೊಂಡಿದ್ದೆವು. 1974ರ ಜುಲೈಯಲ್ಲಿ ಆ ಅನುಮಾನವೂ ಹೋಯಿತು. ಆಗ ನನಗೆ ಒಂಬತ್ತು ವರ್ಷ. ಪೇಟೆಯ ಅಂಗಡಿಗಳೊಳಗೆ ಕೆಂಪುನೀರು ನುಗ್ಗಿತು. ಅಮ್ಮ ಅಕ್ಕಿಯ ಮುಡಿಯನ್ನು ಅಟ್ಟಕ್ಕೆ ಏರಿಸಿ, ನಮ್ಮನ್ನು ಎಳೆದುಕೊಂಡು ಗುಡ್ಡದ ಮೇಲಿನ ನೆಂಟರ ಮನೆಗೆ ಓಡಿದ್ದು ನಿನ್ನೆ ನಡೆದಂತಿದೆ. ಅಲ್ಲಿಂದ ಮುಂದೆ ನಮ್ಮಲ್ಲಿ ಜಾಗ ನೋಡಲು ಹೋದವರು ಮೊದಲು ಕೇಳುತ್ತಿದ್ದ ಪ್ರಶ್ನೆ, "74ರ ನೀರು ಇಲ್ಲಿ ಎಲ್ಲಿಯವರೆಗೆ ಬಂದಿತ್ತು?"

ಆದರೆ ನಮ್ಮ ಓಣಿಯ ಹುಡುಗಿಯನ್ನು ಕರೆದುಕೊಂಡದ್ದು ಆ ನೆರೆಯಲ್ಲ, ಚಳಿಗಾಲದ ಶಾಂತ ನದಿ.

ಧನುರ್ಮಾಸದಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಬೆಳಗಿನ ಜಾವ ಮಿಂದು ದೇವಸ್ಥಾನದ ಧನುಪೂಜೆಗೆ ಹೋದರೆ ಒಳ್ಳೆಯ ಗಂಡ ಸಿಗುತ್ತಾನೆ ಎಂದು ನಮ್ಮಲ್ಲಿ ನಂಬಿಕೆ. ಓಣಿಯ ಐದಾರು ಹುಡುಗಿಯರು ನಾಲ್ಕೂವರೆಗೇ ಎದ್ದು, ಹಲ್ಲು ಕಟಕಟಿಸುತ್ತ ನದಿಗೆ ಇಳಿಯುತ್ತಿದ್ದೆವು. ಇಳಿಯುವುದೆಂದರೆ ಸೊಂಟದವರೆಗೆ, ಒಂದು ಕೈ ಕಲ್ಲನ್ನು ಹಿಡಿದೇ ಇರಬೇಕು. ತಂಬಿಗೆಯಲ್ಲಿ ತಲೆಗೆ ನೀರು ಸುರಿದುಕೊಂಡು ಓಡಿ ಬರಬೇಕು. ಹುಡುಗರಾದರೋ ಹೊತ್ತೇರಿದ ಮೇಲೆ ಬಂದು ಬಂಡೆಯ ಮೇಲಿಂದ ಕಯಕ್ಕೆ ಹಾರಿ ಗಂಟೆಗಟ್ಟಲೆ ಆಡುತ್ತಿದ್ದರು.

ನೆರೆ ಬಂದ ಎರಡನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ನನಗಿಂತ ಎರಡು ವರ್ಷ ದೊಡ್ಡವಳು, ಬಟ್ಟೆ ಜಾಲಿಸುತ್ತಿದ್ದಾಗ ಕಾಲು ಜಾರಿದಳು. ಹುಡುಗರು ದಿನಾ ಹಾರಿ ಆಡುತ್ತಿದ್ದ ಅದೇ ಕಯ. ಕೂಗು ಕೇಳಿ ಜನ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಡದಲ್ಲಿ ಅವಳು ಹಿಂಡಿಟ್ಟ ಬಟ್ಟೆಗಳು ಬಾಲ್ದಿಯಲ್ಲಿ ಹಾಗೆಯೇ ಇದ್ದವು.

ಮರುವಾರವೇ ನಮ್ಮ ಮನೆಯಲ್ಲಿ ಎರಡು ತೀರ್ಮಾನಗಳಾದವು. ಮೊದಲನೆಯದು, ತಮ್ಮನಿಗೆ ತಕ್ಷಣ ಈಜು ಕಲಿಸಬೇಕು. ಎರಡನೆಯದು, ನಾನು ಇನ್ನು ನದಿಯ ಕಡೆ ತಲೆ ಹಾಕಬಾರದು. ಸೋದರಮಾವ ಬಂದರು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ತಮ್ಮನ ಬೆನ್ನಿಗೆ ಕಟ್ಟಿದರು. ನಾರಿನೊಳಗೆ ಗಾಳಿ ಇರುವುದರಿಂದ ಅವು ಮಗುವನ್ನು ಮುಳುಗಲು ಬಿಡುವುದಿಲ್ಲ. ಹದಿನೈದು ದಿನದಲ್ಲಿ ಅವನು ಕಾಯಿ ಬಿಚ್ಚಿ ಎಸೆದು ಮೀನಿನಂತಾದ. ಆ ಕಾಯಿಗಳನ್ನು ಅಟ್ಟದಿಂದ ಆರಿಸಿ ಇಳಿಸಿಕೊಟ್ಟವಳು ನಾನು. ಮುಳುಗಿದವಳು ಹುಡುಗಿ, ಈಜು ಕಲಿತವನು ಹುಡುಗ. ಇದರಲ್ಲಿ ಏನೋ ಲೆಕ್ಕ ತಪ್ಪಿದೆ ಎಂದು ಆಗಲೂ ಅನಿಸಿತ್ತು. ಯಾರನ್ನು ಕೇಳುವುದು? ಅಮ್ಮನ ಮೇಲೆ ಮನಸ್ಸಿನೊಳಗೇ ಒಂದು ಸಿಟ್ಟು ಉಳಿದುಬಿಟ್ಟಿತು.

ಮದುವೆಯಾಗಿ ಹೋದದ್ದು ಬೆಳ್ತಂಗಡಿಯ ಕಡೆಗೆ. ಗಡಾಯಿಕಲ್ಲು ಕಾಣುವ, ಘಟ್ಟದ ಗಾಳಿ ನೇರ ಅಡುಗೆಮನೆಗೇ ಬರುವ ಮನೆ. ಚಳಿಯೆಂದರೆ ಏನೆಂದು ಗೊತ್ತಾದದ್ದು ಅಲ್ಲಿ. ಅಂಗಳದ ತುಂಬ ಹರಡಿದ ಅಡಕೆಯ ಮೇಲೆ ಬೆಳಗ್ಗೆ ಕೈಯಿಟ್ಟರೆ ಇಬ್ಬನಿಯಿಂದ ಬೆರಳು ಮರಗಟ್ಟುತ್ತಿತ್ತು. ಆದರೆ ತೋಟದ ಕೆರೆಯಿಂದ ಅದೇ ಹೊತ್ತಿಗೆ ಹಬೆ ಏಳುತ್ತಿತ್ತು! ಕೈ ಅದ್ದಿದರೆ ನೀರು ಉಗುರುಬೆಚ್ಚಗೆ. "ಕೆರೆಗೆ ಜ್ವರ ಬಂದಿದೆ" ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಜ್ವರವಲ್ಲ, ಅದು ನೀರಿನ ಗುಣ. ಗಾಳಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಹಾಗಲ್ಲ, ಹಗಲಿನ ಬಿಸಿಲನ್ನು ರಾತ್ರಿಯಿಡೀ ಒಳಗೆ ಕಾಪಾಡಿಕೊಂಡಿರುತ್ತದೆ. ವಿಜ್ಞಾನದ ತರಗತಿಯಲ್ಲಿ ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆದರೆ ಕೆರೆಗೆ ಅಂಗೈಗಿಂತ ಹೆಚ್ಚು ಏನನ್ನೂ ಇಳಿಸುವ ಧೈರ್ಯ ನನಗೆ ಬರಲಿಲ್ಲ.

ಮೊದಲು ಬಂದದ್ದು ಸೈಕಲ್. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ನಮ್ಮ ಶಾಲೆಗೂ ಬಂದವು. ನಾಲ್ಕೈದು ಕಿಲೋಮೀಟರ್ ನಡೆದು ಬರುತ್ತಿದ್ದ ಹುಡುಗಿಯರು ಒಂದೇ ವಾರದಲ್ಲಿ ಮೈದಾನದ ಸುತ್ತ ಹಾರಾಡತೊಡಗಿದರು. ಒಬ್ಬಳು ಒಂದು ಸಂಜೆ ಕೇಳಿದಳು, "ಟೀಚರ್, ನಿಮಗೆ ಬರ್ತದಾ?" ಇಲ್ಲವೆಂದೆ. "ಕೂತುಕೊಳ್ಳಿ, ನಾನು ಹಿಡ್ಕೊಳ್ತೇನೆ." ನಲುವತ್ತೊಂದರ ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕುಳಿತೆ. ಅವಳು ಕ್ಯಾರಿಯರ್ ಹಿಡಿದು ಓಡಿದಳು. "ಚಕ್ರ ನೋಡಬೇಡಿ ಟೀಚರ್, ಮುಂದೆ ನೋಡಿ." ಎರಡು ಸಲ ಬಿದ್ದೆ, ಮೊಣಕೈ ಸುಲಿಯಿತು. ಮೂರನೆಯ ದಿನ ಹಿಂದೆ ತಿರುಗಿ ನೋಡಿದರೆ ಅವಳು ಎಲ್ಲೋ ದೂರದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಈಜು ಕಲಿಸಿದ್ದು ಮಗಳು. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು ಲೇಡಿಹಿಲ್ಲಿನ ಈಜುಕೊಳದಲ್ಲಿ ಕಲಿತು ಬಂದಿದ್ದಳು. 2010ರ ಕ್ರಿಸ್ಮಸ್ ರಜೆಯಲ್ಲಿ, ಹಬೆಯಾಡುವ ಕೆರೆಯಲ್ಲಿ ಕುತ್ತಿಗೆಯವರೆಗೆ ನಿಂತು, "ಬಾ ಅಮ್ಮಾ" ಎಂದಳು. ಬೆನ್ನಿಗೆ ತೆಂಗಿನಕಾಯಿ ಕಟ್ಟಿಕೊಂಡು ಇಳಿದ ನಲುವತ್ತೈದರ ಸೊಸೆಯನ್ನು ನೋಡಿ ಅತ್ತೆ ಕೆರೆಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನ ನಗಲಿಲ್ಲ, ನಾನು ಏಳುವ ಮೊದಲೇ ಬಚ್ಚಲಿನ ಒಲೆಗೆ ಬೆಂಕಿ ಹಾಕಿಟ್ಟಿದ್ದರು. "ನೀರನ್ನು ಹಿಡಿಯಬೇಡ, ಹಿಡಿದಷ್ಟೂ ಮುಳುಗುತ್ತಿ. ಮುಖ ಮುಳುಗಿಸಿ ನೀರೊಳಗೇ ಉಸಿರು ಬಿಡು" ಎಂದು ಮಗಳು ಪಾಠ ಹೇಳುತ್ತಿದ್ದಳು. ಉಸಿರು ಬಿಡಲು ಕಲಿಯುವುದಕ್ಕೇ ನನಗೆ ಒಂದು ವಾರ ಬೇಕಾಯಿತು.

ಮೂಡುಬಿದಿರೆಗೆ ಬಂದು ನೆಲೆಸಿದ ಮೇಲೆ ಕೆರೆ ತಪ್ಪಿತು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರಿದು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಲು ದೇಶವೇ ಬರುತ್ತದೆ. ಆದರೆ ಹೆಂಗಸು ಹಗಲಿನಲ್ಲಿ ಇಳಿದು ಕೈಕಾಲು ಬಡಿಯುವಂಥ ಕೆರೆ ಯಾವುದು? ಅಂಚೆ ಇಲಾಖೆಯಿಂದ ನಿವೃತ್ತಳಾದ ಗೆಳತಿಯೊಬ್ಬಳು ದಾರಿ ತೋರಿಸಿದಳು. ಅವಳಿಗೂ ಸೈಕಲ್ ಇತ್ತು. "ಸಮುದ್ರಕ್ಕೇ ಹೋಗೋಣ ಮಾರಾಯ್ತಿ, ಅದಕ್ಕೆ ಯಾರ ಅಪ್ಪಣೆ?"

ಹಾಗೆ ಶುರುವಾದದ್ದು ಡಿಸೆಂಬರ್, ಜನವರಿಯ ನಮ್ಮ ಭಾನುವಾರಗಳು. ಐಕಳ, ದಾಮಸ್‌ಕಟ್ಟೆ, ಕಿನ್ನಿಗೋಳಿ, ಮೂಲ್ಕಿ. ಇಳಿಜಾರಿನಲ್ಲಿ ಗಾಳಿ ಕಿವಿಯೊಳಗೆ ಸೂಜಿ ಚುಚ್ಚುತ್ತದೆ, ಬ್ರೇಕ್ ಹಿಡಿದ ಬೆರಳುಗಳು ನಮ್ಮವಲ್ಲವೆನಿಸುತ್ತವೆ. ಏರು ಬಂದರೆ ಬೆವರು. ಕಿನ್ನಿಗೋಳಿಯ ಹತ್ತಿರ ಮನೆಮನೆಯ ಮುಂದೆ ಕ್ರಿಸ್ಮಸ್ಸಿನ ನಕ್ಷತ್ರಗಳು ಇನ್ನೂ ಉರಿಯುತ್ತಿರುತ್ತವೆ. ಎಲ್ಲಾದರೂ ಕಂಬಳವಿದ್ದರೆ ಕೋಣಗಳನ್ನು ಹೊತ್ತ ಲಾರಿಗಳು ಎದುರಾಗುತ್ತವೆ. ಗಾಳಿಯ ಟೈಮ್‌ಟೇಬಲ್ ಮಾತ್ರ ನಮಗೆಂದೇ ಮಾಡಿದಂತಿದೆ. ಬೆಳಗಿನ ಜಾವ ನೆಲ ತಣ್ಣಗಾಗಿರುವುದರಿಂದ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ, ನಮ್ಮ ಬೆನ್ನನ್ನು ದೂಡುತ್ತದೆ. ಹನ್ನೊಂದರ ಹೊತ್ತಿಗೆ ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ, ಮನೆಗೆ ಬರುವಾಗಲೂ ಬೆನ್ನಿಗೇ.

ಪಡುಬಿದ್ರಿಯ ಎಂಡ್ ಪಾಯಿಂಟ್ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ಈಜಲು ಗುರುತು ಮಾಡಿದ ಜಾಗ, ಕಾಯುವ ಜೀವರಕ್ಷಕರು, ಇದು ನನ್ನಂಥವಳಿಗೆ ದೊಡ್ಡ ಧೈರ್ಯ. ನಾವು ಮಳೆಗಾಲದಲ್ಲಿ ಆ ಕಡೆ ಸುಳಿಯುವುದಿಲ್ಲ. ಒಬ್ಬೊಬ್ಬರೇ ನೀರಿಗಿಳಿಯುವುದಿಲ್ಲ. ಎದೆಮಟ್ಟದ ಆಚೆ ಹೋಗುವುದಿಲ್ಲ, ದಡದ ಉದ್ದಕ್ಕೇ ಈಜುತ್ತೇವೆ. ನೀರು ಒಳಕ್ಕೆ ಎಳೆದರೆ ದಡದ ಕಡೆಗೆ ಹಟ ಹಿಡಿದು ಈಜಬಾರದು, ಪಕ್ಕಕ್ಕೆ ಈಜಿ ಎಳೆತದಿಂದ ಹೊರಬರಬೇಕು. ಇದು ಕಡಲಿಗೆ ಹೋಗುವ ಎಲ್ಲರೂ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾದ ಮಾತು.

ಮೊದಲ ದಿನ ಲೆಗ್ಗಿಂಗ್ಸ್, ತುಂಬುತೋಳಿನ ಟೀಶರ್ಟು ಹಾಕಿಕೊಂಡು ಮರಳಿನ ಮೇಲೆ ನಡುಗುತ್ತ ನಿಂತಿದ್ದೆ. ಹತ್ತು ನಿಮಿಷ ಕಳೆದರೂ ಕಾಲು ಮುಂದೆ ಬರಲೊಲ್ಲದು. ಚಳಿಯೋ ಬಂಟ್ವಾಳದ ಆ ಕಯವೋ, ಗೊತ್ತಾಗಲಿಲ್ಲ. ಕೊನೆಗೆ ಗೆಳತಿ ಕೈ ಹಿಡಿದು ಎಳೆದಳು. ಕಾಲಿಗೆ ಅಲೆ ತಾಗಿದಾಗ ನಾನು ಕೂಗಿದ್ದು, "ಅಯ್ಯೋ, ಬಿಸಿ ಉಂಟು!" ನಿಜವಾಗಿಯೂ ಹಾಗೆಯೇ. ಗಾಳಿ 20ರ ಆಸುಪಾಸಿನಲ್ಲಿರುವಾಗ ನಮ್ಮ ಕಡಲು 27-28 ಡಿಗ್ರಿಯಲ್ಲಿರುತ್ತದೆ. ಚಳಿ ಇರುವುದು ದಡದಲ್ಲಿ ನಿಂತವರಿಗೆ. ಮತ್ತೆ ಹೊರಗೆ ಬಂದಾಗ, ಒದ್ದೆ ಮೈಗೆ ಗಾಳಿ ತಾಗಿದಾಗ, ನಿಜವಾದ ನಡುಕ. ಅದಕ್ಕೆ ಒಣಬಟ್ಟೆ, ಫ್ಲಾಸ್ಕಿನಲ್ಲಿ ಕೊತ್ತಂಬರಿ-ಜೀರಿಗೆಯ ಕಷಾಯ.

ಇಂಗ್ಲಿಷ್ ಕಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆ ಆರತಿ ಸಾಹಾ ಅವರ ಬಗ್ಗೆ ನಾನು ಮಕ್ಕಳಿಗೆ ಹೇಳುತ್ತಿದ್ದೆ. 1959ರ ಸೆಪ್ಟೆಂಬರ್ 29ರಂದು, ನಮ್ಮ ಕಡಲಿಗಿಂತ ಎಷ್ಟೋ ತಣ್ಣಗಿನ ನೀರಿನಲ್ಲಿ 16 ಗಂಟೆ 20 ನಿಮಿಷ ಈಜಿದವರು. ಈಗ ನನಗೆ ಆ ಗಂಟೆಗಳಿಗಿಂತ ಹೆಚ್ಚು ನೆನಪಾಗುವುದು ಅವರ ಬಾಲ್ಯ. ಹೂಗ್ಲಿ ನದಿಯ ಘಾಟಿಗೆ ಮನೆಯ ಹಿರಿಯರ ಜೊತೆ ಸ್ನಾನಕ್ಕೆ ಹೋಗುತ್ತಿದ್ದ ನಾಲ್ಕು ವರ್ಷದ ಹುಡುಗಿ ಅಲ್ಲೇ ಈಜು ಕಲಿತಳು. ಅಲ್ಲೂ ಘಾಟು, ಇಲ್ಲೂ ಘಾಟು. ಅಲ್ಲಿ ಒಬ್ಬರು ಕಲಿಸಿದರು, ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ಒಂದು ಭಾನುವಾರ ಕಡಲಿಗೆ ಹೋಗದೆ, ಸಿದ್ದಕಟ್ಟೆಯ ದಾರಿಯಾಗಿ ಸೈಕಲಿನಲ್ಲೇ ಬಂಟ್ವಾಳಕ್ಕೆ ಹೋದೆ. ಎಂಬತ್ತನಾಲ್ಕರ ಅಮ್ಮ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಅಂದು ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ.

"ಯಾರು ಕಲಿಸಿದ್ದು?"

"ಮಗಳು."

ಅಮ್ಮ ತುಂಬ ಹೊತ್ತು ನದಿಯ ಕಡೆಗೇ ನೋಡಿದಳು. "ನನಗೆ ಬರ್ತಿದ್ದರೆ ನಾನು ನಿನಗೆ ಕಲಿಸ್ತಿರಲಿಲ್ಲವಾ? ನನಗೂ ಬರ್ತಿರಲಿಲ್ಲ, ನನ್ನ ಅಮ್ಮನಿಗೂ ಬರ್ತಿರಲಿಲ್ಲ. ಬರ್ತಿದ್ದದ್ದು ಹೆದರಿಕೆ ಒಂದೇ. ಅದನ್ನು ಕಲಿಸಿದೆ."

ಐವತ್ತು ವರ್ಷ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ಅವಳ ಕಾಲಿನ ಮೇಲಿನ ಶಾಲು ಸರಿಮಾಡಿದೆ. ಕ್ರಿಸ್ಮಸ್ ರಜೆಗೆ ಮೊಮ್ಮಗಳು ಬರುತ್ತಾಳೆ, ಅವಳನ್ನು ಬೆಳ್ತಂಗಡಿಯ ಕೆರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಹೊರಡುವಾಗ ಅಮ್ಮನೇ ತಮ್ಮನನ್ನು ಕೂಗಿ ಅಟ್ಟ ಹತ್ತಿಸಿದಳು. "ಚೆನ್ನಾಗಿ ಒಣಗಿದ್ದು ನೋಡಿ ಕೊಡು, ಸಿಪ್ಪೆ ಗಟ್ಟಿ ಇರಲಿ."

ಎರಡು ತೆಂಗಿನಕಾಯಿಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಮೂಡುಬಿದಿರೆ ಮುಟ್ಟುವಾಗ ಸಂಜೆಯಾಗಿತ್ತು. ಪಕ್ಕದ ಮನೆಯವರು ಗೇಟಿನಲ್ಲೇ ಇದ್ದರು. "ಎಂತ ಟೀಚರ್ರೆ, ಕಾಯಿ ತರಲಿಕ್ಕೆ ಬಂಟ್ವಾಳಕ್ಕಾ? ಅದೂ ಸೈಕಲಿನಲ್ಲಿ?"

ಯಾತಕ್ಕೆಂದು ಹೇಳಿದೆ. ಈ ಸಲ ಅವರು ಹಂಡೆಯ ವಿಷಯ ಎತ್ತಲಿಲ್ಲ. ಕಾಯಿಗಳನ್ನು ಮುಟ್ಟಿ ನೋಡಿ, ಸ್ವರ ತಗ್ಗಿಸಿ ಹೇಳಿದರು: "ಇನ್ನೆರಡು ತರಬಹುದಿತ್ತು. ನಮ್ಮ ಚಿಕ್ಕದಕ್ಕೂ ಎಂಟು ವರ್ಷ ಆಯ್ತು."