ನಮ್ಮ ಓಣಿಯ ಲಾರಿ ಪಾಸ್ಟರ್

ಗದಗಿನ ಜೋಡಿ ಊರು ಬೆಟಗೇರಿ ಮಗ್ಗದ ಊರು. ನಮ್ಮ ಓಣಿಯಲ್ಲಿ ಸೀರೆ ನೇಯುವ ಮನೆಗಳದ್ದೇ ಎರಡು ಸಾಲು. ನಸುಕಿಗೇ ಸುರುವಾದ ಖಟಪಟ ರಾತ್ರಿ ಊಟದ ಹೊತ್ತಿಗೆ ನಿಲ್ಲುತ್ತಿತ್ತು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರ ಕಿವಿಗೆ ಅದು ಬೀಳುವುದೇ ಇಲ್ಲ. ನಮಗೆ ಎಚ್ಚರವಾಗುತ್ತಿದ್ದದ್ದು ಲಾರಿ ಬಂದಾಗ. ಹತ್ತು ಗಾಲಿಯ ಲಾರಿಯೊಂದು ಓಣಿಯ ಬಾಯಿಗೆ ರಿವರ್ಸ್ ಬಂದು, ಬೇವಿನ ಗಿಡದ ಬುಡಕ್ಕೆ ನಿಂತು, ಏರ್ ಬ್ರೇಕು ಉಸ್ಸೆಂದರೆ ಅಡುಗೆಮನೆಯಿಂದ ಅವ್ವನ ದನಿ ಬರುತ್ತಿತ್ತು: "ಏಳ್ರೋ, ಪಾಸ್ಟರ್ ಕಾಕಾ ಬಂದ್ರು. ಇವತ್ತ ಶನಿವಾರ."

ಕಾಕಾ ವಾರವೆಲ್ಲ ಲಾರಿ ಹೊಡೆಯುತ್ತಿದ್ದರು, ರವಿವಾರ ಸಭೆ ನಡೆಸುತ್ತಿದ್ದರು.

ಬೆಟಗೇರಿಗೆ ಪಾಸ್ಟರುಗಳೇನೂ ಹೊಸಬರಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಘಟ್ಟ ಹತ್ತಿ, ಧಾರವಾಡ, ಹುಬ್ಬಳ್ಳಿ ದಾಟಿ 1841ರ ಹೊತ್ತಿಗೆ ಇಲ್ಲಿಗೆ ಮುಟ್ಟಿದ್ದರು. ಅವರ ಕಾಲದಿಂದ ಬಂದ ಆಸ್ಪತ್ರೆಯನ್ನು ಹಳಬರು ಈಗಲೂ ಜರ್ಮನ್ ದವಾಖಾನೆ ಎನ್ನುತ್ತಾರೆ. ದೊಡ್ಡ ಚರ್ಚಿನ ಅಯ್ಯನವರಿಗೆ ಇರಲು ಮನೆ, ತಿಂಗಳಿಗೆ ಸಂಬಳ, ಸರಕಾರಿ ನೌಕರರ ಹಾಗೆ ವರ್ಗಾವಣೆ, ಎಲ್ಲ ಇತ್ತು. ನಮ್ಮ ಕಾಕಾನ ಸಭೆ ಆ ಲೆಕ್ಕದ್ದಲ್ಲ. ಓಣಿಯ ಹಿಂದೆ ಒಂದು ತಗಡಿನ ಶೆಡ್ಡು, ನೆಲಕ್ಕೆ ಜಮಖಾನೆ, ಒಂದು ಹಾರ್ಮೋನಿಯಂ, ಒಂದು ಡೋಲಕ್ಕು. ಬರುವವರು ಹಮಾಲರು, ದವಾಖಾನೆಯ ಆಯಾಗಳು, ಮಗ್ಗದ ಕೂಲಿಯವರು. ಅವರೆಲ್ಲ ಹಾಕುವ ಕಾಣಿಕೆಯಲ್ಲಿ ಶೆಡ್ಡಿನ ಕರೆಂಟ್ ಬಿಲ್ಲು ಕಟ್ಟಿದರೆ ದೊಡ್ಡದು. ಅದರಲ್ಲಿ ಪಾಸ್ಟರನ ಸಂಸಾರ ನಡೆಯುವ ಮಾತೆಲ್ಲಿ?

"ದೇವರ ಸೇವಕ ಲಾರಿ ಹೊಡೀಬಾರದು" ಎಂದು ಹೊರಗಿನವರು ಯಾರಾದರೂ ತಕರಾರು ತೆಗೆದರೆ ಕಾಕಾನ ಹತ್ತಿರ ಜವಾಬು ತಯಾರಿತ್ತು. ಪೌಲನಂಥ ಪೌಲನೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಡೇರೆ ಹೊಲಿದು ಹೊಟ್ಟೆ ಹೊರೆದವನು. "ಅಂದ್ರ ಏನಾತು? ತಾಡಪತ್ರಿ ಹೊಲಿಯೂ ಮನಶ್ಯಾ. ನಮ್ಮ ಲೈನಿನವನ ಅಂವ!" ಎಂದು ಕಾಕಾ ನಗುತ್ತಿದ್ದರು. ತಕರಾರಿನವರು ಬೈಬಲ್ಲನ್ನು ಚಲೋ ಓದಿದವರೇ ಆಗಿರುತ್ತಿದ್ದರು, ಆದರೆ ತಾಡಪತ್ರಿಯ ಬಗ್ಗೆ ವಾದ ಮಾಡುವಷ್ಟು ಲಾರಿ ಓದಿರುತ್ತಿರಲಿಲ್ಲ.

ರವಿವಾರ ಆರಾಧನೆ ಹತ್ತಕ್ಕೆ. ಬೆಂಗಳೂರಿನಿಂದ ಬರುವ ಲಾರಿ ಒಮ್ಮೊಮ್ಮೆ ಶನಿವಾರ ಮುಟ್ಟುತ್ತಿರಲಿಲ್ಲ. ಆಗ ಕಾಕಾನ ಹೆಂಡತಿ, ನಮ್ಮ ಕಾಕು, ಹಾರ್ಮೋನಿಯಂ ಮುಂದೆ ಕೂತು ಹಾಡಿನ ಮೇಲೆ ಹಾಡು ತೆಗೆಯುತ್ತಿದ್ದರು. ಮೂರನೇ ಹಾಡು ಮುಗಿದು ನಾಲ್ಕನೆಯದು ಎದ್ದಿತೆಂದರೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನಮ್ಮಪ್ಪ, "ಲಾರಿ ಇನ್ನೂ ಲಕ್ಷ್ಮೇಶ್ವರ ದಾಟಿಲ್ಲ" ಎನ್ನುತ್ತಿದ್ದ. ಆ ಲೆಕ್ಕ ತಪ್ಪಿದ್ದು ಕಡಿಮೆ. ಕೊನೆಗೆ ಲಾರಿ ಬಂದು ನಿಂತು, ಕಾಕಾ ನಳದಲ್ಲಿ ಮುಖ ತೊಳೆದು, ಖಾಕಿ ಅಂಗಿ ಕಳಚಿ ಇಸ್ತ್ರಿಯ ಬಿಳಿ ಅಂಗಿ ಏರಿಸಿ ಶೆಡ್ಡಿಗೆ ಓಡುತ್ತಿದ್ದರು. ಅಂಗಿ ಬದಲಾದರೂ ಡೀಸೆಲ್ಲಿನ ವಾಸನೆ ಬದಲಾಗುತ್ತಿರಲಿಲ್ಲ.

ಪ್ರಾರ್ಥನೆಗೆ ಅವರು ಊರುತ್ತಿದ್ದದ್ದು ಒಂದೇ ಮೊಣಕಾಲು. ವರ್ಷಾನುಗಟ್ಟಲೆ ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮೊಣಕಾಲು ಕೆಟ್ಟಿತ್ತು, ಮಡಚಲು ಬರುತ್ತಿರಲಿಲ್ಲ. ಎಡಗಾಲು ಮುಂದಕ್ಕೆ ಚಾಚಿ, ಬಲಗಾಲು ಊರಿ, ಕಣ್ಣು ಮುಚ್ಚಿ ಕೂತರೆ ಆಗಲೇ ಸೀಟಿನಿಂದ ಇಳಿದು ಬಂದವರಂತೆಯೇ ಕಾಣುತ್ತಿದ್ದರು. "ಎಡಗಾಲು ಮಾಲಕಂದು, ಬಲಗಾಲು ದೇವರದ್ದು" ಎಂದು ತಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಯ ಮೇಲೆ ಅದೇ ಕಾಲು ಚಾಚಿ ಕೂಡುವುದು, ಮಗಳು ಎಣ್ಣೆ ತಿಕ್ಕುವುದು, ಮಗ ಶಾಲೆಯ ಪಾಠ ಒಪ್ಪಿಸುವುದು. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಅಪ್ಪನಿಗೆ ಗೊರಕೆ. ಮಗ ಅಲ್ಲಿಗೇ ಪುಸ್ತಕ ಮುಚ್ಚಿ ನಮ್ಮ ಜೊತೆ ಗೋಲಿ ಆಡಲು ಬರುತ್ತಿದ್ದ.

ಲಾರಿ ಕಾಕಾನದ್ದಲ್ಲ, ಲಿಂಗಾಯತ ಸಾಹುಕಾರರೊಬ್ಬರದು. ಹಣೆಯ ಮೇಲೆ ದಪ್ಪಕ್ಷರದಲ್ಲಿ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದಿತ್ತು. ಅಮಾವಾಸ್ಯೆಗೊಮ್ಮೆ ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಬೀಳುತ್ತಿದ್ದವು. ಕಾಕಾ ಅವನ್ನು ಕಟ್ಟಲೂ ಇಲ್ಲ, ಹರಿಯಲೂ ಇಲ್ಲ, ಅದು ಕ್ಲೀನರನ ಖಾತೆ. ಖಂಡೇ ಪೂಜೆಯ ಹಿಂದಿನ ಸಂಜೆ ಮಾತ್ರ ಗಾಲಿಯ ನಟ್ಟಿನಿಂದ ಕ್ಯಾಬಿನ್ ತಲೆಯವರೆಗೆ ಲಾರಿಯನ್ನು ತಾವೇ ತಿಕ್ಕಿ ತೊಳೆಯುತ್ತಿದ್ದರು. ಮರುದಿನ ಚೆಂಡುಹೂವಿನ ಹಾರ, ಕುಂಬಳಕಾಯಿ, ಗಾಲಿಯಡಿ ಲಿಂಬೆಹಣ್ಣು. ಹಣ್ಣಿನ ಮೇಲೆ ಲಾರಿ ಹಾಯಿಸಬೇಕಾದವನು ಡ್ರೈವರು. ಸಾಹುಕಾರರು ಆ ಹೊತ್ತಿಗೆ ಸರಿಯಾಗಿ, "ಪಾಸ್ಟರ್ರ, ಬ್ಯಾಂಕಿನ್ಯಾಗ ಸ್ವಲ್ಪ ಕೆಲಸ ಐತಿ, ಹೋಗಿ ಬರ್ತೀರೇನು?" ಎನ್ನುತ್ತಿದ್ದರು. ಅವತ್ತು ಬ್ಯಾಂಕಿಗೆ ಸೂಟಿ ಎಂಬುದು ಇಬ್ಬರಿಗೂ ಗೊತ್ತು. ಕಾಕಾ ಗಂಭೀರವಾಗಿ ತಲೆಯಾಡಿಸಿ, ಬ್ಯಾಂಕಿನ ದಿಕ್ಕು ಹಿಡಿದು, ಚಹಾದಂಗಡಿಯಲ್ಲಿ ಅರ್ಧ ತಾಸು ಕೂತು ಬರುತ್ತಿದ್ದರು. ಅಷ್ಟರಲ್ಲಿ ಸಾಹುಕಾರರ ಮಗ ಗಾಡಿ ಮುಂದೆ ಮಾಡಿರುತ್ತಿದ್ದ. ಸರ್ವಧರ್ಮ ಸಮನ್ವಯದ ಭಾಷಣಗಳನ್ನು ಆಮೇಲೆ ಬಹಳ ಕೇಳಿದ್ದೇನೆ. ಆ ಬ್ಯಾಂಕಿನ ಕೆಲಸದಷ್ಟು ಚೊಕ್ಕಾದ ಏರ್ಪಾಡು ಯಾರೂ ಹೇಳಲಿಲ್ಲ.

ಪ್ರಸಂಗದ ವಿಷಯಕ್ಕೆ ಬಂದರೆ, ನಿಜ ಹೇಳಬೇಕು, ಕಾಕಾನ ಪ್ರಸಂಗ ಸಪ್ಪೆ. ಬೈಬಲ್ಲಿನ ಸಾಲು ಓದಿ, ಅದನ್ನೇ ಇನ್ನೊಮ್ಮೆ ಹೇಳಿ, ಮುಂದೇನು ಎಂದು ತಗಡಿನ ಮಾಡು ನೋಡುತ್ತಿದ್ದರು. ಹಮಾಲರು ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಿದ್ದರು. ರಸ್ತೆಯ ಮಾತು ಬಂದ ದಿನ ಮಾತ್ರ ಬೇರೆ. ಕ್ರಿಸ್ಮಸ್ಸಿನ ಕರ್ಚಿಕಾಯಿಯ ಆಸೆಗೆ ನಾವು ಓಣಿಯ ಹುಡುಗರು ಶೆಡ್ಡಿನ ಕಿಟಕಿಗೆ ಜೋತುಬಿದ್ದಿದ್ದ ಒಂದು ದಿನ ಕಾಕಾ ಅರೆಬೈಲ್ ಘಟ್ಟದ ಇಳಿಜಾರು ಹಿಡಿದರು. ಯಲ್ಲಾಪುರ ಬಿಟ್ಟು ಅಂಕೋಲೆಯ ಕಡೆ ಇಳಿಯುವಾಗ ಡೀಸೆಲ್ ಉಳಿಸುವ ಆಸೆಗೆ ಕೆಲವರು ಗಾಡಿಯನ್ನು ನ್ಯೂಟ್ರಲಿಗೆ ಹಾಕುತ್ತಾರೆ. ಎಂಜಿನ್ ಹಿಡಿತ ತಪ್ಪಿ ಲೋಡು ಹಿಂದಿನಿಂದ ನೂಕುತ್ತದೆ, ಬ್ರೇಕ್ ತುಳಿದು ತುಳಿದು ಡ್ರಮ್ ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. "ಹತ್ತೂ ಮುಂದ ಯಾವ ಗೇರ್ ಬೇಕೋ, ಇಳಿಯೂ ಮುಂದ ಅದ ಗೇರ್ ಇರಬೇಕು. ಇಳಕಲ ಐತಿ ಅಂತ ಕೈಬಿಟ್ಟವಾ ಕೆಟ್ಟ" ಎಂದರು. ನಿದ್ದೆಯಲ್ಲಿದ್ದವರೆಲ್ಲ ಎದ್ದು ಕೂತಿದ್ದರು. ಸಾಲಕ್ಕೂ ಕುಡಿತಕ್ಕೂ ಕಾಕಾ ಅದನ್ನೇ ಹಚ್ಚಿ ಹೇಳಿದರು, ಕೊನೆಗೆ ಮದುವೆಗೂ ಹಚ್ಚಿದರು. ಮದುವೆಗೆ ಅದು ಹೇಗೆ ಒಗ್ಗುತ್ತದೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಕಾಕು ಮಾತ್ರ ಹಾರ್ಮೋನಿಯಂ ಹಿಂದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಅದೇ ರಸ್ತೆಯಲ್ಲಿ ಆಮೇಲೆ ಅದಿರಿನ ವರ್ಷಗಳು ಬಂದವು. ಹುಬ್ಬಳ್ಳಿ–ಅಂಕೋಲಾ ರೈಲು ಕಾಗದದ ಮೇಲೇ ಉಳಿದಿತ್ತು, ಚೀನಾಕ್ಕೆ ಕಬ್ಬಿಣದ ಹಸಿವು ಎದ್ದಿತ್ತು. ಸಂಡೂರು, ಹೊಸಪೇಟೆಯ ಮಣ್ಣು ಕೊಪ್ಪಳ, ಗದಗ, ಅಣ್ಣಿಗೇರಿ, ಹುಬ್ಬಳ್ಳಿಗಳ ಮೇಲೆ ಹಾಯ್ದು ಬೇಲೆಕೇರಿ, ಕಾರವಾರದ ಬಂದರಿಗೆ ಹೋಗತೊಡಗಿತು. ಎರೆಹೊಲದ ನಡುವಿನ ಕರಿ ರಸ್ತೆ ಕೆಂಪಾಯಿತು, ಯಲ್ಲಾಪುರದ ಕಾಡಿನ ಎಲೆ ಕೆಂಪಾಯಿತು, ಡ್ರೈವರುಗಳ ಕಣ್ಣಂತೂ ಮೊದಲೇ ಕೆಂಪು. ಹತ್ತು ಗಾಲಿಯ ಲಾರಿ ತನ್ನ ತೂಕವೂ ಸೇರಿ 25 ಟನ್ ದಾಟಬಾರದೆಂದು ಆಗಿನ ಕಾನೂನು. ಅದನ್ನು ಕೇಳುವವರು ಯಾರು? ಟ್ರಿಪ್ಪಿನ ಮೇಲೆ ಭತ್ತೆ, ಹೆಚ್ಚು ಟನ್ನಿಗೆ ಹೆಚ್ಚು ದುಡ್ಡು. ಸಾಹುಕಾರರೂ ಲಾರಿಯನ್ನು ಅದಿರಿಗೆ ಹಾಕಿದರು.

ಕಾಕಾ ಆರು ತಿಂಗಳು ಹೊಡೆದರು. ಮನೆಗೆ ಫ್ರಿಜ್ ಬಂತು, ಶೆಡ್ಡಿನಲ್ಲಿ ಮಾತ್ರ ಕಾಕು ಒಬ್ಬರೇ ಹಾಡುತ್ತ ಹಾಡುತ್ತ ದನಿ ಕೆಡಿಸಿಕೊಂಡರು. ಅದಿರಿಗೆ ರವಿವಾರವಿಲ್ಲ. ಬಂದರಿನ ಸಾಲಿನಲ್ಲಿ ನಿಂತರೆ ಎರಡು ದಿನ ಅಲ್ಲೇ. ಒಂದು ದಿನ ಕಾಕಾ ಸಾಹುಕಾರರ ಕಟ್ಟೆಗೆ ಹೋಗಿ, "ನನಗ ಉಳ್ಳಾಗಡ್ಡಿ ಲೋಡ ಕೊಡ್ರಿ ಸಾಕು. ಇದು ನನ್ನ ಕೈಯಾಗ ಆಗೂದಿಲ್ಲ" ಎಂದು ಕೀಲಿಕೈ ಇಟ್ಟರು. ಗದಗಿನ ಉಳ್ಳಾಗಡ್ಡಿಯನ್ನು ಯಶವಂತಪುರದ ಮಾರ್ಕೆಟ್ಟಿಗೆ ಒಯ್ಯುವ ಹಳೇ ಲೈನು. ಬರುವ ದುಡ್ಡು ಅರ್ಧಕ್ಕಿಳಿಯಿತು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕ ವರ್ಷ ಅದು. ಕಾಕು ಗಂಡನ ಜೊತೆ ಮಾತು ಬಿಟ್ಟರು. ತಾಟು ಇಡುವುದು, ಚರಿಗೆ ಇಡುವುದು, ಮಾತಿಲ್ಲ. ಪಾಸ್ಟರನ ಮನೆಯ ಜಗಳವೆಂದು ಓಣಿಯವರೂ ಮಧ್ಯೆ ಬಾಯಿ ಹಾಕಲಿಲ್ಲ. ಹೆಂಡತಿಯ ಕಡೆಗೂ ನ್ಯಾಯವಿತ್ತು. ದೇವರ ಕೆಲಸಕ್ಕೆ ರವಿವಾರ ಬೇಕು ಸರಿ, ಕಾಲೇಜಿನವರು ಫೀಸನ್ನು ಪ್ರಾರ್ಥನೆಯಲ್ಲಿ ತೆಗೆದುಕೊಳ್ಳುವುದಿಲ್ಲವಲ್ಲ. ಕೊನೆಗೆ ಕಾಕುನ ಬಂಗಾರ ಬ್ಯಾಂಕಿಗೆ ಹೋಯಿತು, ಫ್ರಿಜ್ ಉಳಿಯಿತು.

2010ರ ಜುಲೈನಲ್ಲಿ ಸರಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ಬಂದ್ ಮಾಡಿಸಿತು. ಸಾಲ ಮಾಡಿ ಲಾರಿ ಕೊಂಡವರ ಗಾಡಿಗಳು ರಸ್ತೆಯ ಬದಿ ಸಾಲಾಗಿ ನಿಂತು ತುಕ್ಕು ಹಿಡಿದವು, ಫೈನಾನ್ಸಿನವರು ಬಂದು ಎಳೆದುಕೊಂಡು ಹೋದರು. ಕಾಕಾ ಮುಂದಾಗುವುದನ್ನು ಕಂಡಿದ್ದರೆಂದು ಸಭೆಯವರು ಕೊಂಡಾಡಿದರೆ ಕಾಕು ಅಲ್ಲೇ ಕತ್ತರಿ ಹಾಕಿದರು: "ಏನೂ ಕಂಡಿದ್ದಿಲ್ಲ. ನಿದ್ದಿ ತಡಕೊಳ್ಳಾಕ ಆಗಲಿಲ್ಲ, ಬಿಟ್ಟು ಬಂದ್ರು." ಕಾಕಾ ಹೌದೆಂದು ತಲೆಯಾಡಿಸಿದರು.

ಅಂಕೋಲೆಯ ಕಡೆ ಬೇರೆ ಲೋಡು ಬಿದ್ದರೆ ಬೇಸಿಗೆಯಲ್ಲಿ ಸಂಭ್ರಮ. ಕ್ಯಾಬಿನ್ನಿನ ಬರ್ತಿನಡಿ ಪೇಪರು ಸುತ್ತಿದ ಕರಿ ಇಶಾಡ ಮಾವು. ಸಿಪ್ಪೆ ಎಷ್ಟು ತೆಳುವೆಂದರೆ ಘಟ್ಟದ ತಿರುವುಗಳಲ್ಲಿ ಹೊರಳಿ ಅರ್ಧ ಹಣ್ಣು ಕೆಟ್ಟಿರುತ್ತಿದ್ದವು. ಉಳಿದ ಅರ್ಧ ಮನೆಗೊಂದರಂತೆ ಓಣಿಗೆಲ್ಲ ಹಂಚಿಕೆ. ಕೆಟ್ಟವು ಪಾಸ್ಟರನ ಮನೆಗೆ. ಅವರ ಮಕ್ಕಳು ಚಲೋ ಇಶಾಡ ತಿಂದದ್ದನ್ನು ನಾನಂತೂ ಕಾಣೆ.

ಕಾಕಾ ತೀರಿಕೊಂಡದ್ದು ರಸ್ತೆಯ ಮೇಲಲ್ಲ, ಮನೆಯಲ್ಲೇ, ಎದೆನೋವು ಬಂದು. ನಾನು ಊರಿಗೆ ಹೋಗುವಷ್ಟರಲ್ಲಿ ಮಣ್ಣಾಗಿ ವಾರವಾಗಿತ್ತು. ಸಭೆಯನ್ನು ಈಗ ಒಬ್ಬ ಟೇಲರು ನಡೆಸುತ್ತಾನಂತೆ, ಪ್ರಸಂಗ ಕಾಕಾಗಿಂತ ಚಲೋ ಇದೆಯಂತೆ. ಕಾಕು ನನ್ನನ್ನು ಕೂರಿಸಿ, ಚಹಾ ಕೊಟ್ಟು, ಎಣ್ಣೆ ಮೆತ್ತಿದ ಒಂದು ಡೈರಿ ತಂದರು. ಎಡಪುಟದಲ್ಲಿ ಟ್ರಿಪ್ಪಿನ ಲೆಕ್ಕ: ಡೀಸೆಲ್, ಟೋಲ್, ಪಂಕ್ಚರ್, ಹಮಾಲಿ, ಕೈಗಡ. ಬಲಪುಟದಲ್ಲಿ ಹೆಸರುಗಳು: ಕ್ಲೀನರನ ತಂಗಿಯ ಮದುವೆ, ಸಾಹುಕಾರರ ಸಕ್ಕರೆ ಕಾಯಿಲೆ, ದಾಬಾದವನ ಕೋರ್ಟು ಕೇಸು. ದಾರಿಯಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಪಟ್ಟಿ. ಒಂದು ಹಾಳೆಯ ಬಲಕ್ಕೆ ನಮ್ಮಪ್ಪನ ಹೆಸರು, ಮುಂದೆ 'ಕಣ್ಣು' ಎಂದಿತ್ತು, ಪೊರೆ ತೆಗೆಸಿದ ವರ್ಷದ್ದು. ಎಡಕ್ಕೂ ಅಪ್ಪನ ಹೆಸರಿತ್ತು, ಮುಂದೆ 'ನೂಲಿಗೆ 600'.

"ನಾಳೆ ಕೊಡ್ತೀನಿ ಅಂತ ಒಯ್ದಿದ್ದ ನಿಮ್ಮಪ್ಪ" ಎಂದರು ಕಾಕು.

ನಾನು ಆರುನೂರು ಎಣಿಸಿ ಕೊಟ್ಟೆ. ಬ್ಯಾಡ ಎನ್ನಬಹುದೆಂದುಕೊಂಡಿದ್ದೆ. ಅವರು ನೋಟುಗಳನ್ನು ಇನ್ನೊಮ್ಮೆ ಎಣಿಸಿ, ಪೆನ್ನು ಹುಡುಕಿ ತಂದು ಎಡಪುಟದ ಸಾಲಿಗೆ ಗೀಟು ಹಾಕಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಹಾಳೆ ತಿರುವುತ್ತ, "ತಡಿ, ನಿಮ್ಮ ಕಾಕಾಂದಿರ ಹೆಸರೂ ಅದಾವು" ಎಂದರು.