‘ಪಾಟೀಲ’ ಎಂಬ ಅಡ್ಡಹೆಸರು: ಭೀಮಾತೀರದಿಂದ ಚರೋತರದವರೆಗೆ

ವಿಜಯಪುರದಿಂದ ಉತ್ತರಕ್ಕೆ ಸೊಲ್ಲಾಪುರದ ದಾರಿ ಹಿಡಿದು ಹೊರಟರೆ, ಝಳಕಿಯನ್ನು ದಾಟಿದ ಮೇಲೆ ಧೂಳಖೇಡದ ಬಳಿ ಭೀಮಾನದಿ ಎದುರಾಗುತ್ತದೆ. ಹೊಳೆಯ ಈಚೆಗೆ ಕರ್ನಾಟಕ, ಆಚೆಗೆ ಮಹಾರಾಷ್ಟ್ರ. ಫಲಕಗಳ ಲಿಪಿ ಬದಲಾಗುತ್ತದೆ. ಜೋಳದ ಹೊಲ ಬದಲಾಗುವುದಿಲ್ಲ. ದವಾಖಾನೆ, ಗೊಬ್ಬರದ ಅಂಗಡಿ, ವಕೀಲರ ಕಚೇರಿಗಳ ಮೇಲೆ ಎರಡೂ ದಂಡೆಗಳಲ್ಲಿ ಬಾರಿ ಬಾರಿಗೆ ಕಣ್ಣಿಗೆ ಬೀಳುವ ಒಂದು ಹೆಸರೂ ಬದಲಾಗುವುದಿಲ್ಲ. ಅದೇ ‘ಪಾಟೀಲ’.

ಈ ಮಾಸಿಕವನ್ನು ಓದುವ ಮನೆತನಗಳಲ್ಲಿ ಈ ಅಡ್ಡಹೆಸರಿನವರು ಅನೇಕರಿರುವರು. ಆದರೆ ಅದರ ಅರ್ಥವೇನೆಂದು ಮಕ್ಕಳು ಕೇಳಿದರೆ ‘ಅದು ನಮ್ಮ ಕುಲದ ಹೆಸರು’ ಎಂದು ಹೇಳಿ ಸುಮ್ಮನಾಗುವ ಹಿರಿಯರೇ ಹೆಚ್ಚು. ಈ ಉತ್ತರ ಸರಿಯಲ್ಲ. ಕೊಲ್ಲಾಪುರ, ಸಾಂಗಲಿ, ಬೆಳಗಾವಿ ಸೀಮೆಯಲ್ಲಿ ಲಿಂಗಾಯತರಲ್ಲದೆ ಜೈನರೂ ಪಾಟೀಲರಿದ್ದಾರೆ, ಮರಾಠರೂ ಇದ್ದಾರೆ. ಮುಂಬಯಿ ಸುತ್ತಿನ ಕರಾವಳಿಯಲ್ಲಿ ಕೋಳಿ ಮತ್ತು ಆಗರಿ ಜನರು ಇದ್ದಾರೆ. ವಿಜಯಪುರ, ಕಲಬುರ್ಗಿಗಳಲ್ಲಿ ಮುಸಲ್ಮಾನ ಪಾಟೀಲರೂ ಪಟೇಲರೂ ಇದ್ದಾರೆ. ಇಷ್ಟು ಮಂದಿಯನ್ನು ಒಂದೇ ಹೆಸರಿನಲ್ಲಿ ಕೂಡಿಸಿದ್ದು ಕುಲವಲ್ಲ, ಕೆಲಸ.

ಶಬ್ದದ ಮೂಲ

ಮಾಳವವನ್ನು ಆಳಿದ ಪರಮಾರ ಅರಸರ ತಾಮ್ರಶಾಸನಗಳಲ್ಲಿ, ದಾನದ ವಿಷಯವನ್ನು ಊರವರಿಗೆ ತಿಳಿಸುವ ಸಂದರ್ಭದಲ್ಲಿ ‘ಪಟ್ಟಕಿಲ’ ಎಂಬ ಗ್ರಾಮಾಧಿಕಾರಿಯ ಉಲ್ಲೇಖ ಬರುತ್ತದೆ. ಇವು ಹತ್ತು ಹನ್ನೊಂದನೆಯ ಶತಮಾನಗಳ ಶಾಸನಗಳು. ಬರೆಹದ ಹಲಗೆ, ತಗಡು, ಬಟ್ಟೆ ಎಂಬರ್ಥದ ‘ಪಟ್ಟ’ ಶಬ್ದವೇ ಇದರ ಬೇರು; ಭೂಮಿಯ ಲೆಕ್ಕವನ್ನೂ ಅರಸನ ಆಜ್ಞೆಯನ್ನೂ ಇಟ್ಟುಕೊಂಡವನೇ ಪಟ್ಟಕಿಲ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದು ಮರಾಠಿಯ ಬಾಯಲ್ಲಿ ‘ಪಾಟೀಲ’ವಾಯಿತು, ಗುಜರಾತಿಯಲ್ಲಿ ‘ಪಟೇಲ’ವಾಯಿತು. ಕನ್ನಡವು ಎರಡನ್ನೂ ಉಳಿಸಿಕೊಂಡಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ‘ಪಾಟೀಲ–ಕುಲಕರ್ಣಿ’ ಎಂಬ ಜೋಡಿ. ಹಳೆಯ ಮೈಸೂರಿನಲ್ಲಿ ‘ಪಟೇಲ–ಶಾನುಭೋಗ’ ಎಂಬ ಜೋಡಿ. ನಮ್ಮ ರಾಜ್ಯದ ಇಬ್ಬರು ಮುಖ್ಯಮಂತ್ರಿಗಳ ಹೆಸರನ್ನು ನೆನೆದರೆ ಸಾಕು: ಚಿಂಚೋಳಿಯ ವೀರೇಂದ್ರ ಪಾಟೀಲರು, ದಾವಣಗೆರೆ ಸೀಮೆಯ ಜೆ. ಎಚ್. ಪಟೇಲರು. ಶಬ್ದ ಒಂದೇ, ರೂಪ ಎರಡು.

ಇದೇ ಅಧಿಕಾರಕ್ಕೆ ಅಚ್ಚ ಕನ್ನಡ ನಾಡಿನ ಹೆಸರೂ ಉಂಟು. ಶಾಸನಗಳ ‘ಗಾಮುಂಡ’, ‘ಗಾವುಂಡ’ ಇಂದಿನ ಗೌಡನಾದನು. ಹಳ್ಳಿಯ ಜನ ಈಗಲೂ ಪಾಟೀಲರ ಮನೆಯ ಹಿರಿಯರನ್ನು ‘ಗೌಡ್ರ’ ಎಂದೇ ಕರೆಯುವುದು ಇದಕ್ಕೆ ಸಾಕ್ಷಿ. ಕಾಗದದ ಮೇಲೆ ಪಾಟೀಲ, ಬಾಯಿಮಾತಿನಲ್ಲಿ ಗೌಡ. ಬಹಮನಿ, ಆದಿಲಶಾಹಿಗಳ ಕಾಲದಲ್ಲಿ ‘ಮುಕದ್ದಮ’ ಎಂಬ ಅರಬ್ಬಿ ಶಬ್ದವೂ ಅದೇ ಅಧಿಕಾರಕ್ಕೆ ಸಂದಿತು. ಮುಂದೆ ನಿಲ್ಲಿಸಲ್ಪಟ್ಟವನು ಎಂದು ಅದರ ಅರ್ಥ.

ಸೊನ್ನಲಿಗೆಯಲ್ಲಿ ಒಂದು ವಿಚಾರ

ಸೊಲ್ಲಾಪುರವು ಶಿವಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆ. ಕೆರೆಯ ನಡುವಿನ ಆ ದೇವಾಲಯದಲ್ಲಿ ಕುಳಿತಾಗ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರನ್ನು ನಾವು ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ಸ್ಮರಿಸುತ್ತೇವೆ. ಅವರ ಹೆಸರಿನ ಮುಂದೆ ನಿಂತಿರುವುದು ಕಾಯಕ. ಅದನ್ನು ಅವರು ಮರೆಮಾಡಲಿಲ್ಲ, ಅದರಿಂದ ಮೇಲುಕೀಳನ್ನು ಎಣಿಸಲೂ ಇಲ್ಲ. ‘ಪಾಟೀಲ’ ಎಂಬುದೂ ಹುಟ್ಟಿನಲ್ಲಿ ಇಂಥದೇ ಒಂದು ಕೆಲಸದ ಹೆಸರು. ವ್ಯತ್ಯಾಸವಿಷ್ಟೆ: ಶರಣರಲ್ಲಿ ಅದು ಕಾಯಕವಾಗಿ ಉಳಿಯಿತು, ಊರಲ್ಲಿ ಅದು ವತನವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯಿತು.

ಪಾಟೀಲನ ಕೆಲಸಗಳಾದರೂ ಯಾವುವು? ಕಂದಾಯ ಎತ್ತಿ ಸರಕಾರಕ್ಕೆ ಮುಟ್ಟಿಸುವುದು, ಬಿದ್ದ ಹೊಲಕ್ಕೆ ಒಕ್ಕಲನ್ನು ತರುವುದು, ಕಳವು ಜಗಳಗಳ ವಿಚಾರಣೆ, ಬಂದ ಅಧಿಕಾರಿಯ ಬಿಡಾರದ ವ್ಯವಸ್ಥೆ, ಬರಗಾಲದಲ್ಲಿ ಊರ ಪರವಾಗಿ ಅರಿಕೆ. ಲೆಕ್ಕ ಬರೆಯುವವನು ಕುಲಕರ್ಣಿ. ಹಳೆಯ ಮರಾಠಿ ಕಾಗದಪತ್ರಗಳಲ್ಲಿ ಪಾಟೀಲನು ತನ್ನ ಹೆಸರಿನ ಬದಿಗೆ ನೇಗಿಲ ಗುರುತನ್ನು ಹಾಕಿಸುತ್ತಿದ್ದನು. ಊರ ಮುಖ್ಯನ ಮುದ್ರೆ ಕತ್ತಿಯಲ್ಲ, ನೇಗಿಲು! ಪ್ರತಿಫಲವಾಗಿ ಅವನಿಗೆ ಇನಾಮು ಭೂಮಿ, ಹಬ್ಬದಲ್ಲಿ ಮೊದಲ ಮಾನ, ಮೊದಲ ವೀಳ್ಯ. ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಇಂದಿಗೂ ಕಾಣುವ ವಾಡೆಗಳೂ ಮಣ್ಣಿನ ಹುಡೇವುಗಳೂ ಆ ದಿನಗಳ ಕುರುಹು.

ಅರಸನಿಗಿಂತ ದೊಡ್ಡ ಬಿರುದು

ಸಾತಾರಾ ಜಿಲ್ಲೆಯ ಕನ್ಹೇರಖೇಡ ಎಂಬ ಸಣ್ಣ ಗ್ರಾಮವು ಶಿಂದೆ ಮನೆತನದ ಪಾಟೀಲಕಿಯ ಊರು. ಈ ಮನೆತನದ ಮಹಾದಜಿ ಶಿಂದೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಿಲ್ಲಿಯ ಬಾದಶಹನನ್ನೇ ತನ್ನ ಆಶ್ರಯದಲ್ಲಿಟ್ಟುಕೊಂಡಷ್ಟು ಪ್ರಬಲನಾದನು. ಆದರೂ ತನ್ನನ್ನು ‘ಪಾಟೀಲ’ ಎಂದೇ ಕರೆಯಬೇಕೆಂಬುದು ಅವನ ಅಭಿಲಾಷೆ. ಜನರಿಗೆ ಅವನು ‘ಪಾಟೀಲಬಾವಾ’. 1794ರಲ್ಲಿ ಪುಣೆಯ ಬಳಿ ಅವನು ತೀರಿಕೊಂಡನು. ಅದು ವಿನಯವೋ ರಾಜಕಾರಣವೋ, ಇತಿಹಾಸಕಾರರು ಚರ್ಚಿಸಲಿ. ಊರ ಹಿರಿತನಕ್ಕೆ ಆ ಕಾಲದ ಜನ ಕೊಟ್ಟ ಬೆಲೆ ಇದರಿಂದ ತಿಳಿಯುತ್ತದೆ.

ನೆರಳಿನ ಮುಖ

ಹೊಗಳಿಕೆ ಮಾತ್ರ ಬರೆದರೆ ಅದು ಅರ್ಧಸತ್ಯವಾಗುತ್ತದೆ. ಪಾಟೀಲಕಿಯು ಮೇಲಿನ ವತನವಾದರೆ ಅದರ ಕೆಳಗೆ ತಳವಾರರ, ಹೊಲೆಯರ, ಮಹಾರರ ವತನಗಳಿದ್ದವು. ಹಗಲಿರುಳು ಊರ ಚಾಕರಿ, ಕೈಗೆ ಸಿಕ್ಕುವುದು ಅಂಗೈಯಗಲ ಭೂಮಿ ಮತ್ತು ಕಾಳು. ಈ ಕಟ್ಟನ್ನು ಬಿಡಿಸಲೆಂದು ಡಾ. ಬಾಬಾಸಾಹೇಬ ಅಂಬೇಡ್ಕರರು 1874ರ ವತನ ಕಾಯದೆಗೆ ತಿದ್ದುಪಡಿ ಕೋರಿ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ವಾಡೆಯ ಅಟ್ಟದಲ್ಲಿ ಹಳೆಯ ಸನದು ದೊರೆತರೆ ಹೆಮ್ಮೆಯಿಂದ ಚೌಕಟ್ಟು ಹಾಕಿಸುವ ನಾವು, ಆ ವಾಡೆಯ ಹೊರಬಾಗಿಲಲ್ಲಿ ನಿಂತವರ ಬಿಟ್ಟಿಚಾಕರಿಯನ್ನೂ ನೆನೆಯಬೇಕು. ಬಸವಾದಿ ಶರಣರ ಅನುಯಾಯಿಗಳೆನ್ನುವವರಿಗೆ ಇದರಿಂದ ವಿನಾಯಿತಿ ಇಲ್ಲ.

ಚರೋತರದ ಪಟೇಲರು

ಗುಜರಾತದ ಚರೋತರವು ತಂಬಾಕು, ಬಾಳೆ, ಹೈನುಗಳ ಸಮೃದ್ಧ ಬಯಲು. ಅಲ್ಲಿಯ ಕರಮಸದವೇ ಸರದಾರ ವಲ್ಲಭಭಾಯಿ ಪಟೇಲರ ಊರು. ಅವರು ಜನಿಸಿದ್ದು 1875ರಲ್ಲಿ, ನಡಿಯಾದದಲ್ಲಿ. ಇಲ್ಲಿಯ ಕೃಷಿಕ ಸಮುದಾಯಕ್ಕೆ ‘ಪಾಟೀದಾರ’ ಎಂಬ ಹೆಸರಿದೆ. ಕೇಳಲು ಒಂದೇ ಎನಿಸಿದರೂ ಅರ್ಥ ಬೇರೆ: ಭೂಮಿಯ ಪಟ್ಟಿಯಲ್ಲಿ ಪಾಲುಳ್ಳವನು ಪಾಟೀದಾರ, ಊರ ಅಧಿಕಾರವುಳ್ಳವನು ಪಟೇಲ. ಕಾಲಕ್ರಮದಲ್ಲಿ ಅಧಿಕಾರದ ಹೆಸರು ಇಡೀ ಸಮುದಾಯದ ಅಡ್ಡಹೆಸರಾಗಿ ಹಬ್ಬಿತು. ಪೂರ್ವ ಆಫ್ರಿಕಕ್ಕೂ, 1972ರಲ್ಲಿ ಯುಗಾಂಡದಿಂದ ಹೊರದೂಡಲ್ಪಟ್ಟ ಮೇಲೆ ಇಂಗ್ಲೆಂಡಿಗೂ ಅದು ಜನರೊಂದಿಗೆ ಹೋಯಿತು.

ಈ ನಾಡಿನಲ್ಲಿ ಮರೆಯಬಾರದ ಸಂಗತಿ 1928ರ ಬಾರ್ಡೋಲಿ ಸತ್ಯಾಗ್ರಹ. ಏರಿಸಿದ ಕಂದಾಯವನ್ನು ರೈತರು ಕೊಡಲೊಲ್ಲೆವೆಂದಾಗ, ಕಂದಾಯ ಎತ್ತಬೇಕಾದ ಅನೇಕ ಪಟೇಲರು ತಮ್ಮ ಹುದ್ದೆಗಳಿಗೇ ರಾಜೀನಾಮೆ ಇತ್ತರು. ತಲೆಮಾರುಗಳ ಮಾನವನ್ನು ಊರಿಗಾಗಿ ಬಿಟ್ಟುಕೊಟ್ಟರು. ಹುದ್ದೆ ಹಿಡಿದಾಗ ಬಂದ ಗೌರವಕ್ಕಿಂತ ಬಿಟ್ಟಾಗ ಬಂದ ಗೌರವ ದೊಡ್ಡದಾಯಿತು.

ಇತರ ನುಡಿಗಳಲ್ಲಿ

ನಿಜಾಮನ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳ, ಕಲಬುರ್ಗಿಗಳಲ್ಲಿ ಅಧಿಕಾರ ಎರಡಾಗಿ ಒಡೆದು ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಎರಡು ಅಡ್ಡಹೆಸರುಗಳು ಉಳಿದಿವೆ. ‘ಮಾಲಿ’ ಎಂದರೆ ಇಲ್ಲಿ ತೋಟಗಾರನಲ್ಲ. ಕಂದಾಯ ಎಂಬರ್ಥದ ‘ಮಾಲ್’ ಶಬ್ದವದು. ಬಂಗಾಲದಲ್ಲಿ ಊರ ಮುಖ್ಯನ ಹೆಸರು ‘ಮಂಡಲ’, ಅದೂ ಅಡ್ಡಹೆಸರಾಗಿದೆ. ಇನ್ನೂ ದೂರ ಹೋದರೆ ಜರ್ಮನಿಯ ‘ಶುಲ್ಟ್ಸ್’ ಮನೆತನಗಳ ಹೆಸರು, ಊರವರಿಗೆ ಸಲ್ಲಿಸಬೇಕಾದ ಬಾಕಿಯನ್ನು ಆಜ್ಞಾಪಿಸುತ್ತಿದ್ದ ಗ್ರಾಮಮುಖ್ಯನಿಂದ ಬಂದದ್ದು. ಇಂಗ್ಲಿಷರ ‘ರೀವ್’, ‘ರೀವ್ಸ್’ ಕೂಡ ಇಂಥವೇ. ನೆಲ ಬೇರೆ, ನುಡಿ ಬೇರೆ. ಊರಿದ್ದಲ್ಲಿ ಒಬ್ಬ ಮುಖ್ಯ, ಅವನ ಮಕ್ಕಳಿಗೆ ಆ ಹೆಸರು.

ಹುದ್ದೆ ಹೋಯಿತು, ಹೆಸರು ಉಳಿಯಿತು

ನಮ್ಮ ರಾಜ್ಯದಲ್ಲಿ 1961ರ ಕಾಯದೆಯು ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಗೊಳಿಸಿತು. ಅದು 1963ರಲ್ಲಿ ಜಾರಿಗೆ ಬಂದಿತು. ಮಹಾರಾಷ್ಟ್ರದಲ್ಲಿ ಕಂದಾಯ ಪಾಟೀಲರ ಹುದ್ದೆ 1962ರ ಕಾಯದೆಯಿಂದ ಹೋಯಿತು. ಅಲ್ಲಿ ಪೊಲೀಸ್ ಪಾಟೀಲ ಹುದ್ದೆ ಮಾತ್ರ ಇಂದಿಗೂ ಇದೆ. ಅದು ವಂಶದಿಂದ ಬರುವುದಲ್ಲ, ಮಹಿಳೆಯರೂ ಅದಕ್ಕೆ ನೇಮಕಗೊಳ್ಳುತ್ತಾರೆ.

ಸಂಬಂಧ ನೋಡುವಾಗ ನಮ್ಮ ಹಿರಿಯರು ‘ಯಾವ ಊರ ಪಾಟೀಲರು?’ ಎಂದು ಕೇಳುವ ವಾಡಿಕೆ ಉಂಟು. ಪ್ರಶ್ನೆ ಸಾಮಾನ್ಯವೆನಿಸಿದರೂ ಇತಿಹಾಸವೆಲ್ಲ ಅದರಲ್ಲಿದೆ. ಊರಿಲ್ಲದ ಪಾಟೀಲನಿಲ್ಲ. ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಎಲ್ಲ ಜಾತಿಯ ಬಡಮಕ್ಕಳನ್ನು ಸಾತಾರೆಯ ವಸತಿಗೃಹದಲ್ಲಿ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ವತನವಿಲ್ಲದೆಯೂ ಪಾಟೀಲಕಿ ಮಾಡುವುದೆಂದರೆ ಇದು.

ಪಾಟೀಲರೇ ಆಗಲಿ ಅಂಗಡಿ, ಕಮ್ಮಾರ, ಬಡಿಗೇರರೇ ಆಗಲಿ, ನಮ್ಮ ಮನೆಮಕ್ಕಳಿಗೆ ಹೆಸರಿನ ಹಿಂದಿನ ಕೆಲಸವನ್ನು ತಿಳಿಸಿ ಹೇಳೋಣ. ರಜೆಯಲ್ಲಿ ಒಮ್ಮೆ ಮೂಲದ ಊರಿಗೆ ಕರೆದೊಯ್ದು ಹುಡೇವನ್ನೂ, ಕೆರೆಯನ್ನೂ, ಶಾಲೆಯನ್ನೂ, ಊರಂಚಿನ ಕೇರಿಯನ್ನೂ ತೋರಿಸೋಣ. ಆ ಊರಿಗೆ ಈಗ ಏನು ಬೇಕಾಗಿದೆ ಎಂದು ಅವರೇ ಕೇಳುವಂತಾದರೆ, ಹಿರಿಯರು ಕೊಟ್ಟುಹೋದ ಹೆಸರು ಸಾರ್ಥಕವಾದೀತು.